ಪಂಪ್ ಸ್ಟೌ ಏಕೆ ಮುನಿಯುತ್ತದೆ?



ಮಲೆನಾಡಿನ ಮಳೆಗಾಲ ನಿಮಗೆ ಗೊತ್ತೇ ಇದೆ. ಸಾಗರದ ಹತ್ತಿರದ ಹೆಗ್ಗೋಡಿರಲಿ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಹಳ್ಳಿಗಳಿರಲಿ, ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಬಂದರೂ ಪೂರ್ತಿ ಬಿಡುವುದಿಲ್ಲ. ಬಚ್ಚಲ ಒಲೆಗೆ ಒಣಗಿದ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಕೊಟ್ಟಿಗೆಯ ಅಟ್ಟದಲ್ಲಿ ಕೂಡಿಟ್ಟ ಸೌದೆ ಹೇಗೋ ಸಾಕಾಗುತ್ತದೆ; ಹಂಡೆಯ ನೀರು ಕಾಯುತ್ತದೆ. ಆದರೆ ಅಡಿಗೆಮನೆಯಲ್ಲಿ ಬೆಳಗಿನ ಜಾವ ಎರಡು ಲೋಟ ಕಾಫಿಗಾಗಿ ದೊಡ್ಡ ಒಲೆ ಹೊತ್ತಿಸುವುದು ತ್ರಾಸದ ಕೆಲಸ. ಅಡಿಗೆ ಅನಿಲದ ಸಿಲಿಂಡರ್ ಹಳ್ಳಿಗಳನ್ನು ತಲುಪುವ ಮೊದಲು ಈ ಕೆಲಸವನ್ನು ಅನೇಕ ಮನೆಗಳಲ್ಲಿ ಮಾಡುತ್ತಿದ್ದದ್ದು ಹಿತ್ತಾಳೆಯ ಪಂಪ್ ಸ್ಟೌ. ಮೂರು ಕಾಲು, ಒಂದು ಹೊಟ್ಟೆ, ಒಂದು ತಲೆ, ಮತ್ತು ಭುಸುಗುಟ್ಟುವ ನೀಲಿ ಉರಿ.

ಈ ಸ್ಟೌ ಒಂದು ದಿನ ಸರಿಯಾಗಿ ಉರಿಯುತ್ತಿತ್ತು, ಮರುದಿನ ಹಳದಿ ಜ್ವಾಲೆ ಕಾರುತ್ತ ಪಾತ್ರೆಗೆಲ್ಲ ಮಸಿ ಬಳಿಯುತ್ತಿತ್ತು. ಮನೆಯವರು "ಸ್ಟೌ ಮುನಿಸಿಕೊಂಡಿದೆ" ಎಂದು ಬೇಸರಪಡುತ್ತಿದ್ದರು. ಯಂತ್ರ ಮುನಿಯುವುದಿಲ್ಲ. ಅದಕ್ಕೆ ಬೇಕಾದದ್ದು ಯಾವುದೋ ಸಿಕ್ಕಿರುವುದಿಲ್ಲ, ಅಷ್ಟೇ. ಅದು ಯಾವುದು ಎಂಬುದನ್ನು ಉರಿಯೇ ನಮಗೆ ಹೇಳುತ್ತದೆ. ಉರಿ ಹೇಳುವುದನ್ನು ಕ್ರಮವಾಗಿ ಓದುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ. ಪಂಪ್ ಸ್ಟೌ ಇಂದು ಹೆಚ್ಚಿನ ಮನೆಗಳಿಂದ ಮರೆಯಾಗಿದೆ. ಆದರೂ ಅದು ಕಲಿಸುವ ಪಾಠ ನಿಮ್ಮ ಮನೆಯ ಗ್ಯಾಸ್ ಒಲೆಗೂ, ಚಳಿ ದೇಶಗಳ ಮನೆಗಳಲ್ಲಿರುವ ಎಣ್ಣೆಯ ಬಾಯ್ಲರಿಗೂ ಸಲ್ಲುತ್ತದೆ.

ಎಣ್ಣೆ ಉರಿಯುವುದಿಲ್ಲ, ಆವಿ ಉರಿಯುತ್ತದೆ

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ದ್ರವರೂಪದ ಸೀಮೆಎಣ್ಣೆ ಹಾಗೆಯೇ ಉರಿಯುವುದಿಲ್ಲ. ಅದು ಆವಿಯಾಗಿ, ಆ ಆವಿ ಗಾಳಿಯೊಡನೆ ಬೆರೆತಾಗ ಮಾತ್ರ ಉರಿಯುತ್ತದೆ. ಬತ್ತಿಯ ಸ್ಟೌವಿನಲ್ಲಿ ಬತ್ತಿ ಎಣ್ಣೆಯನ್ನು ಮೇಲೆಳೆದು ತುದಿಯಲ್ಲಿ ನಿಧಾನವಾಗಿ ಆವಿಯಾಗಿಸುತ್ತದೆ. ಪಂಪ್ ಸ್ಟೌವಿನಲ್ಲಿ ಬತ್ತಿಯೇ ಇಲ್ಲ. ಅಲ್ಲಿ ಬರ್ನರಿನ ಬಿಸಿಯೇ ಎಣ್ಣೆಯನ್ನು ಆವಿ ಮಾಡುತ್ತದೆ. 1892ರಲ್ಲಿ ಸ್ವೀಡನ್ ದೇಶದ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬುವರು ರೂಪಿಸಿದ 'ಪ್ರೈಮಸ್' ಸ್ಟೌ ಈ ತತ್ತ್ವವನ್ನು ಜಗತ್ತಿನ ಅಡಿಗೆಮನೆಗಳಿಗೆ ಮುಟ್ಟಿಸಿತು. 1911ರಲ್ಲಿ ದಕ್ಷಿಣ ಧ್ರುವವನ್ನು ತಲುಪಿದ ಅಮುಂಡ್‌ಸೆನ್ ತಂಡದ ಜೊತೆಗೂ, 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ ಯಾತ್ರೆಯ ಜೊತೆಗೂ ಈ ಬಗೆಯ ಸ್ಟೌ ಹೋಗಿತ್ತು. ನಮ್ಮ ಪಂಪ್ ಸ್ಟೌ ಅದೇ ವಂಶದ್ದು.

ಅದರ ಭಾಗಗಳನ್ನು ಕೆಳಗಿನಿಂದ ಮೇಲಕ್ಕೆ ನೋಡೋಣ. ಕೆಳಗೆ ಎಣ್ಣೆಯ ಟ್ಯಾಂಕು. ಅದರ ಪಕ್ಕದಲ್ಲಿ ಕೈಪಂಪು. ಎಣ್ಣೆ ಹಾಕುವ ಬಾಯಿಗೆ ವಾಷರ್ ಇರುವ ಮುಚ್ಚಳ. ಅದರಲ್ಲೋ ಅದರ ಬಳಿಯಲ್ಲೋ ಗಾಳಿ ಬಿಡುವ ತಿರುಪು. ಟ್ಯಾಂಕಿನ ನಡುವಿನಿಂದ ಏರುವ ಕೊಳವೆ. ಅದರ ಮೇಲೆ ಬರ್ನರ್. ಬರ್ನರಿನ ಕೆಳಗೆ ಮೊದಲ ಕಾವು ಕೊಡಲು ಸ್ಪಿರಿಟ್ ಹಾಕುವ ಪುಟ್ಟ ಬಟ್ಟಲು. ಬರ್ನರಿನ ನಟ್ಟನಡುವೆ ಮೇಲ್ಮುಖವಾಗಿ ಕುಳಿತಿರುವುದು ನಿಪ್ಪಲ್. ಅದರ ರಂಧ್ರ ಒಂದು ಮಿಲಿಮೀಟರಿನ ಸುಮಾರು ಮೂರನೇ ಒಂದು ಭಾಗದಷ್ಟು. ಇಡೀ ಸ್ಟೌವಿನ ಆರೋಗ್ಯ ಈ ಕೂದಲೆಳೆಯಂಥ ರಂಧ್ರದ ಮೇಲೆ ನಿಂತಿದೆ.

ಪಂಪು ಹೊಡೆದಾಗ ಟ್ಯಾಂಕಿನೊಳಗಿನ ಗಾಳಿ ಒತ್ತಿಕೊಳ್ಳುತ್ತದೆ. ಆ ಗಾಳಿ ಎಣ್ಣೆಯನ್ನು ಕೊಳವೆಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಬರ್ನರಿನ ಬಾಗಿದ ನಳಿಗೆಗಳು ಮೊದಲೇ ಕಾದಿರುತ್ತವೆ. ಸೀಮೆಎಣ್ಣೆ ಸುಮಾರು 150ರಿಂದ 300 ಡಿಗ್ರಿ ಸೆಲ್ಸಿಯಸ್ ನಡುವೆ ಕುದಿಯುವ ಅನೇಕ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಕಾದ ನಳಿಗೆಯಲ್ಲಿ ಅದು ಆವಿಯಾಗಿ, ನಿಪ್ಪಲ್‌ನಿಂದ ರಭಸದಿಂದ ಹೊರಚಿಮ್ಮಿ, ಸುತ್ತಲಿನ ಗಾಳಿಯನ್ನು ತನ್ನೊಡನೆ ಎಳೆದುಕೊಂಡು ಉರಿಯುತ್ತದೆ. ಆ ಉರಿಯೇ ಮತ್ತೆ ನಳಿಗೆಗಳನ್ನು ಕಾಯಿಸುತ್ತದೆ. ಹೀಗೆ ಒಮ್ಮೆ ಹೊತ್ತಿದ ಸ್ಟೌ ತನ್ನ ಎಣ್ಣೆಯನ್ನು ತಾನೇ ಆವಿ ಮಾಡಿಕೊಳ್ಳುತ್ತ ನಡೆಯುತ್ತದೆ.

ಮೂರು ಬೇಡಿಕೆಗಳು

ಹಾಗಾದರೆ ಈ ಬರ್ನರಿಗೆ ಬೇಕಾದದ್ದು ಮೂರು: ಒತ್ತಡ, ಕಾವು, ಗಾಳಿ. ಯಾವ ದೋಷವಾದರೂ ಈ ಮೂರರಲ್ಲಿ ಒಂದರ ಕೊರತೆ, ಅಥವಾ ದಾರಿಯಲ್ಲಿ ಒಂದು ಅಡ್ಡಿ.

ಒತ್ತಡದ ವಿಷಯ ಬಂದಾಗ ನೀವು ಓದಿದ ಬಾಯ್ಲನ ನಿಯಮವನ್ನು ನೆನಪಿಸಿಕೊಳ್ಳಿ. ಟ್ಯಾಂಕನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು ಎಂದು ಹಿರಿಯರು ಹೇಳುತ್ತಿದ್ದುದರ ಹಿಂದೆ ಇರುವುದು ಅದೇ. ಒಂದು ಟ್ಯಾಂಕಿನಲ್ಲಿ ಗಾಳಿಗೆ 300 ಮಿಲಿಲೀಟರ್ ಜಾಗವಿದೆ ಎನ್ನಿ. ಪಂಪು ಹೊಡೆದು ಒಳಗಿನ ಒತ್ತಡವನ್ನು ಹೊರಗಿನ ಗಾಳಿಯ ಎರಡರಷ್ಟು ಮಾಡಿದ್ದೀರಿ. 100 ಮಿಲಿಲೀಟರ್ ಎಣ್ಣೆ ಉರಿದಾಗ ಗಾಳಿಯ ಜಾಗ 400 ಆಗುತ್ತದೆ. ಒತ್ತಡ ಎರಡರಿಂದ ಒಂದೂವರೆಗೆ ಇಳಿಯುತ್ತದೆ. ಸ್ಟೌ ಇನ್ನೂ ಉರಿಯುತ್ತಿರುತ್ತದೆ. ಆದರೆ ಟ್ಯಾಂಕನ್ನು ಕಂಠಪೂರ್ತಿ ತುಂಬಿ ಗಾಳಿಗೆ ಬರೀ 100 ಮಿಲಿಲೀಟರ್ ಬಿಟ್ಟರೆ? ಅಷ್ಟೇ ಎಣ್ಣೆ ಉರಿದಾಗ ಜಾಗ ಇಮ್ಮಡಿಯಾಗಿ, ಒತ್ತಡ ಹೊರಗಿನಷ್ಟೇ ಆಗುತ್ತದೆ. ಎಣ್ಣೆಯನ್ನು ತಳ್ಳುವವರು ಯಾರೂ ಇಲ್ಲ, ಉರಿ ನಂದುತ್ತದೆ. ಟ್ಯಾಂಕಿನ ಗಾಳಿ ಖಾಲಿ ಜಾಗವಲ್ಲ, ಅದು ಈ ಯಂತ್ರದ ಸ್ಪ್ರಿಂಗು.

ಇನ್ನು ಹೊರಗಿನ ಗಾಳಿ. ಒಂದು ಲೀಟರ್ ಸೀಮೆಎಣ್ಣೆ ಪೂರ್ತಿಯಾಗಿ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು. ಗಾಳಿ ಸಾಕಷ್ಟು ಬೆರೆತರೆ ಇಂಗಾಲವೆಲ್ಲ ಕಾರ್ಬನ್ ಡೈಆಕ್ಸೈಡ್ ಆಗಿ, ಜ್ವಾಲೆ ನೀಲಿಯಾಗಿರುತ್ತದೆ. ಸಾಲದಿದ್ದರೆ ಉರಿಯದೆ ಉಳಿದ ಇಂಗಾಲದ ಕಣಗಳು ಕಾದು ಹಳದಿಯಾಗಿ ಹೊಳೆಯುತ್ತವೆ. ತಣ್ಣನೆಯ ಪಾತ್ರೆಗೆ ತಗುಲಿದಾಗ ಅವೇ ಮಸಿ. ಜೊತೆಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಆದ್ದರಿಂದ ಹಳದಿ ಉರಿ ಎಂದರೆ ಪಾತ್ರೆ ತಿಕ್ಕುವವರ ತೊಂದರೆ ಮಾತ್ರವಲ್ಲ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣದ ಪ್ರಶ್ನೆ.

ಮುಟ್ಟುವ ಮೊದಲು

ದೋಷ ಯಾವುದೇ ಇರಲಿ, ದುರಸ್ತಿಯ ಮೊದಲ ಹೆಜ್ಜೆ ಒಂದೇ. ಗಾಳಿ ಬಿಡುವ ತಿರುಪನ್ನು ಸಡಿಲಿಸಿ ಒತ್ತಡವನ್ನು ಪೂರ್ತಿ ಇಳಿಸಬೇಕು. ಉರಿ ನಂದಬೇಕು. ಬರ್ನರ್ ಕೈಯಿಂದ ಮುಟ್ಟುವಷ್ಟು ತಣ್ಣಗಾಗಬೇಕು. ಹತ್ತಿರದಲ್ಲಿ ಬೇರೆ ಬೆಂಕಿ, ದೀಪ ಇರಬಾರದು. ಆಮೇಲೆಯೇ ಸ್ಪ್ಯಾನರು, ಪಿನ್ನು, ಎಣ್ಣೆಯ ಡಬ್ಬ.

ಉರಿಯುತ್ತಿರುವ ಅಥವಾ ಬಿಸಿಯಾಗಿರುವ ಸ್ಟೌವಿಗೆ ಎಂದೂ ಎಣ್ಣೆ ಹಾಕಬಾರದು. ಸೋರುವ ಟ್ಯಾಂಕನ್ನು ಮನೆಯಲ್ಲಿ ಬೆಸುಗೆ ಹಾಕಲು ಹೋಗಬಾರದು. ಖಾಲಿ ಎಂದುಕೊಂಡ ಟ್ಯಾಂಕಿನಲ್ಲೂ ಎಣ್ಣೆಯ ಆವಿ ಇರುತ್ತದೆ. ಹಿರಿಯರಿಲ್ಲದೆ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈ ಹಾಕಬಾರದು ಎಂದು ಬೇರೆ ಹೇಳಬೇಕಿಲ್ಲ.

ದೋಷ ಹುಡುಕುವ ಕ್ರಮ

ಒಳ್ಳೆಯ ರಿಪೇರಿಯವನು ಕಂಡದ್ದನ್ನೆಲ್ಲ ಬಿಚ್ಚುವುದಿಲ್ಲ. ಎಣ್ಣೆ ಹೋಗುವ ದಾರಿಯಲ್ಲೇ ಅವನ ಕಣ್ಣೂ ಹೋಗುತ್ತದೆ: ಪಂಪು, ಟ್ಯಾಂಕು, ಕೊಳವೆ, ನಿಪ್ಪಲ್, ಉರಿ.

ಒಂದು, ಪಂಪು. ಹಿಡಿ ಒತ್ತಿದಾಗ ಕೈಗೆ ಏನೂ ತಡೆ ಸಿಗದಿದ್ದರೆ ಪಂಪಿನ ತುದಿಯ ಚರ್ಮದ ವಾಷರ್ ಒಣಗಿ ಕುಗ್ಗಿದೆ ಎಂದರ್ಥ. ಅದನ್ನು ಹೊರತೆಗೆದು ಅಂಚನ್ನು ಬೆರಳಿನಿಂದ ಹಿಗ್ಗಿಸಿ, ಎರಡು ತೊಟ್ಟು ಎಣ್ಣೆ ಸವರಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹರಿದಿದ್ದರೆ ಬದಲಿಸಬೇಕು.

ಎರಡು, ಪಂಪಿನ ತಳದ ಕವಾಟ. ಒತ್ತಿಬಿಟ್ಟ ಹಿಡಿ ತಾನಾಗಿಯೇ ಮೇಲಕ್ಕೆ ಬಂದರೆ, ಅಥವಾ ಪಂಪಿನ ಕೊಳವೆಯಲ್ಲಿ ಎಣ್ಣೆ ಕಂಡರೆ, ಗಾಳಿಯನ್ನು ಒಳಕ್ಕೆ ಮಾತ್ರ ಬಿಡಬೇಕಾದ ಕವಾಟ ಕೆಟ್ಟಿದೆ. ಅದರೊಳಗಿನ ಪುಟ್ಟ ರಬ್ಬರು ಸವೆದಿರಬಹುದು, ಅಥವಾ ಕಸ ಸಿಕ್ಕಿರಬಹುದು. ಇದನ್ನು ಸರಿಪಡಿಸದೆ ಸ್ಟೌ ಹೊತ್ತಿಸಲೇಬಾರದು. ಪಂಪಿನಿಂದ ಹೊರಬಂದ ಎಣ್ಣೆಗೆ ಉರಿ ತೀರ ಹತ್ತಿರದಲ್ಲಿರುತ್ತದೆ.

ಮೂರು, ಟ್ಯಾಂಕು. ಪಂಪು ಚೆನ್ನಾಗಿದ್ದೂ ಒತ್ತಡ ನಿಲ್ಲುವುದಿಲ್ಲವೇ? ಸ್ಟೌ ಹೊತ್ತಿಸದೆ, ಬರ್ನರ್ ತಣ್ಣಗಿರುವಾಗ, ಎರಡು ಮೂರು ಸಲ ಮಾತ್ರ ಪಂಪು ಹೊಡೆದು ಮುಚ್ಚಳ, ತಿರುಪು, ಬರ್ನರಿನ ಬುಡ ಇಲ್ಲೆಲ್ಲ ಸೋಪಿನ ನೊರೆ ಹಚ್ಚಿ. ಗುಳ್ಳೆ ಏಳುವ ಕಡೆಯೇ ಸೋರಿಕೆ. ನಿಪ್ಪಲ್‌ನಿಂದ ಎಣ್ಣೆ ಜಿನುಗತೊಡಗಿದರೆ ತಕ್ಷಣ ಗಾಳಿ ಬಿಟ್ಟು ಒರೆಸಿ. ಬಹಳ ಸಲ ತಪ್ಪಿತಸ್ಥ ಮುಚ್ಚಳದ ವಾಷರ್. ಹೊಸದು ಹಾಕಿದರೆ ಮುಗಿಯಿತು.

ನಾಲ್ಕು, ಕಾವು. ಹೊತ್ತಿಸಿದ ಕೂಡಲೇ ಆಳೆತ್ತರದ ಹಳದಿ ಜ್ವಾಲೆ ಎದ್ದರೆ ಬರ್ನರ್ ಸಾಕಷ್ಟು ಕಾದಿಲ್ಲ. ಆವಿಯ ಬದಲು ಎಣ್ಣೆಯೇ ಚಿಮ್ಮುತ್ತಿದೆ. ಇಲ್ಲಿ ಜನ ಗಾಬರಿಯಿಂದ ಇನ್ನಷ್ಟು ಪಂಪು ಹೊಡೆಯುವುದುಂಟು. ಅದು ಬೆಂಕಿಗೆ ಎಣ್ಣೆ ಸುರಿದಂತೆಯೇ. ಕೂಡಲೇ ಗಾಳಿ ಬಿಡಬೇಕು, ತಣ್ಣಗಾಗಲು ಬಿಡಬೇಕು, ಚೆಲ್ಲಿದ ಎಣ್ಣೆಯನ್ನು ಒರೆಸಬೇಕು. ಬಳಿಕ ಗಾಳಿಯ ತಿರುಪು ಸಡಿಲವಾಗಿರುವಂತೆಯೇ ಬಟ್ಟಲಿಗೆ ಸ್ಪಿರಿಟ್ ಹಾಕಿ ಹೊತ್ತಿಸಿ, ಅದು ಮುಗಿಯುತ್ತ ಬಂದಾಗ ತಿರುಪು ಬಿಗಿದು, ನಿಧಾನವಾಗಿ ಪಂಪು ಹೊಡೆಯಬೇಕು.

ಐದು, ನಿಪ್ಪಲ್. ಉರಿ ಸಣ್ಣದಾಗಿ, ಒಂದೇ ಕಡೆಗೆ ವಾಲುತ್ತಿದ್ದರೆ ರಂಧ್ರ ಕಟ್ಟಿದೆ. ಅತಿ ಕಾವಿನಲ್ಲಿ ಸೀಮೆಎಣ್ಣೆಯ ಸ್ವಲ್ಪ ಭಾಗ ಒಡೆದು ಇಂಗಾಲವಾಗಿ ಅಲ್ಲಿ ಕೂರುತ್ತದೆ. ಎಣ್ಣೆಯ ಕಸವೂ ಸೇರುತ್ತದೆ. ಇದಕ್ಕಾಗಿಯೇ ತಗಡಿನ ಹಿಡಿಗೆ ತೆಳು ತಂತಿ ಸಿಕ್ಕಿಸಿದ ಸ್ಟೌ ಪಿನ್ನು ಅಂಗಡಿಗಳಲ್ಲಿ ಸಿಗುತ್ತಿತ್ತು. ಅದನ್ನು ನೇರವಾಗಿ ಇಳಿಸಿ ನೇರವಾಗಿ ಎತ್ತಬೇಕು. ಹೊಲಿಗೆ ಸೂಜಿಯನ್ನೋ ದಪ್ಪ ತಂತಿಯನ್ನೋ ಚುಚ್ಚಿ ತಿರುಗಿಸಿದರೆ ರಂಧ್ರ ದೊಡ್ಡದಾಗುತ್ತದೆ. ಆಗ ಆವಿ ಹೆಚ್ಚು, ಗಾಳಿ ಕಡಿಮೆ. ಎಷ್ಟು ಕಾಯಿಸಿದರೂ ಉರಿ ಹಳದಿ. ಇದಕ್ಕೆ ರಿಪೇರಿ ಇಲ್ಲ, ಹೊಸ ನಿಪ್ಪಲ್ ಹಾಕುವುದೇ ದಾರಿ. ಹೀಗೆ ಒಂದೇ ಹಳದಿ ಉರಿಗೆ ಎರಡು ಕಾರಣ ಇರಬಹುದು. ಹೊತ್ತಿಸಿದ ಮೊದಲಲ್ಲಿ ಮಾತ್ರ ಹಳದಿಯಾದರೆ ಕಾವಿನ ಕೊರತೆ. ಚೆನ್ನಾಗಿ ಕಾದ ಮೇಲೂ ಹಳದಿಯಾಗಿಯೇ ಉಳಿದರೆ ನಿಪ್ಪಲ್ ಅಗಲವಾಗಿದೆ, ಸಡಿಲವಾಗಿದೆ, ಇಲ್ಲವೇ ಉರಿಯನ್ನು ಹರಡುವ ಬಿಲ್ಲೆ ಓರೆಯಾಗಿ ಕುಳಿತಿದೆ.

ಎಣ್ಣೆಯದೇ ತಪ್ಪಾದಾಗ

ಸ್ಟೌವಿನ ಎಲ್ಲ ಭಾಗವೂ ಸರಿಯಿದ್ದು ಉರಿ ಚಟಪಟ ಎನ್ನುತ್ತ ಏರಿಳಿದರೆ ಎಣ್ಣೆಯಲ್ಲಿ ನೀರಿದೆ. ಮಳೆಗಾಲದಲ್ಲಿ ಬಾಯಿ ಸರಿಯಾಗಿ ಮುಚ್ಚದ ಡಬ್ಬಕ್ಕೆ ನೀರು ಸೇರುವುದು ಸುಲಭ. ನೀರು ಸೀಮೆಎಣ್ಣೆಗಿಂತ ಭಾರ, ಅದು ತಳಕ್ಕಿಳಿಯುತ್ತದೆ. ಏರುವ ಕೊಳವೆ ಎಣ್ಣೆ ಎಳೆಯುವುದೂ ತಳದಿಂದಲೇ. ಪಡಿತರದ ಸೀಮೆಎಣ್ಣೆಗೆ, ಬೇರೆ ಕಡೆಗೆ ಸಾಗಿಸದಿರಲೆಂದು, ನೀಲಿ ಬಣ್ಣ ಬೆರೆಸುತ್ತಿದ್ದರು. ಈ ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಗಾಜಿನ ಸೀಸೆಯಲ್ಲಿ ಎಣ್ಣೆ ತುಂಬಿ ಸ್ವಲ್ಪ ಹೊತ್ತು ಇಟ್ಟರೆ, ನೀಲಿಯ ಅಡಿಯಲ್ಲಿ ಬಣ್ಣವಿಲ್ಲದ ನೀರಿನ ಪದರ ಕಣ್ಣಿಗೇ ಕಾಣುತ್ತಿತ್ತು.

ನೀರಿಗಿಂತ ಸಾವಿರ ಪಾಲು ಅಪಾಯದ್ದು ಪೆಟ್ರೋಲಿನ ಕಲಬೆರಕೆ. ಸೀಮೆಎಣ್ಣೆ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುವುದು ಸಾಮಾನ್ಯವಾಗಿ 35 ಡಿಗ್ರಿಗಿಂತ ಮೇಲೆ. ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅಷ್ಟು ಆವಿ ಬಿಡುತ್ತದೆ. ಅಂಥ ಎಣ್ಣೆ ತುಂಬಿದ ಸ್ಟೌ ಅಡಿಗೆಮನೆಯಲ್ಲಿ ಬಾಂಬು ಇಟ್ಟಂತೆ.

"ಸ್ಟೌ ಸಿಡಿದು..."

1980ರ ದಶಕದ ಪತ್ರಿಕೆಗಳಲ್ಲಿ "ಸ್ಟೌ ಸಿಡಿದು ಗೃಹಿಣಿ ಸಾವು" ಎಂಬ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಕೆಲವು ನಿಜವಾದ ಅಪಘಾತಗಳು: ಬಿಸಿ ಸ್ಟೌವಿಗೆ ಎಣ್ಣೆ ಹಾಕಿದ್ದು, ಸೋರುವ ವಾಷರನ್ನು ಕಡೆಗಣಿಸಿದ್ದು, ಎಣ್ಣೆ ಚಿಮ್ಮುವಾಗ ಇನ್ನೂ ಪಂಪು ಹೊಡೆದದ್ದು. ಆದರೆ ವರದಕ್ಷಿಣೆಗಾಗಿ ಸೊಸೆಯನ್ನು ಸುಟ್ಟು, ತಪ್ಪನ್ನು ಸ್ಟೌವಿನ ತಲೆಗೆ ಕಟ್ಟಿದ ಪ್ರಕರಣಗಳೂ ಇದ್ದವು. 1986ರಲ್ಲಿ ಭಾರತೀಯ ದಂಡ ಸಂಹಿತೆಗೆ ವರದಕ್ಷಿಣೆ ಸಾವಿನ ಕಲಮು ಸೇರಿದ್ದು ಇಂಥ ಸಾವುಗಳ ಹಿನ್ನೆಲೆಯಲ್ಲಿಯೇ. ಸ್ಟೌ ನಿಜಕ್ಕೂ ಸಿಡಿದಿದ್ದರೆ ಟ್ಯಾಂಕು ಉಬ್ಬಿರಬೇಕು, ಬಿರಿದಿರಬೇಕು, ಬರ್ನರೋ ಮುಚ್ಚಳವೋ ಕಿತ್ತಿರಬೇಕು. ಟ್ಯಾಂಕು ಹಾಗೆಯೇ ಇದ್ದು ಮೈಮೇಲೆಲ್ಲ ಸೀಮೆಎಣ್ಣೆ ಇದ್ದರೆ ಪ್ರಶ್ನೆ ಏಳಲೇಬೇಕು. ಒಂದು ಅಡಿಗೆಮನೆಯ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ ನ್ಯಾಯಕ್ಕೂ ಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ಬೇಡ.

ಎಣ್ಣೆಗೆ ಹತ್ತಿದ ಬೆಂಕಿಗೆ ನೀರು ಎರಚಬಾರದು. ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಮರಳು ಅಥವಾ ಒದ್ದೆ ಗೋಣಿಚೀಲದಿಂದ ಮುಚ್ಚಬೇಕು. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ನೆಲದ ಮೇಲೆ ಉರುಳಬೇಕು, ದಪ್ಪ ಕಂಬಳಿ ಸುತ್ತಬೇಕು. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ ಆಸ್ಪತ್ರೆಗೆ ಹೋಗಬೇಕು. ಶಾಯಿ, ಟೂತ್‌ಪೇಸ್ಟು ಹಚ್ಚಬಾರದು.

ಗ್ಯಾಸ್‌ಲೈಟಿನಿಂದ ಬಾಯ್ಲರಿಗೆ

ಇದೇ ಬರ್ನರಿನ ತಮ್ಮ ನಮ್ಮ ಕಡೆಯವರು ಗ್ಯಾಸ್‌ಲೈಟು ಎನ್ನುವ ಪೆಟ್ರೋಮ್ಯಾಕ್ಸ್. ಬರ್ಲಿನ್ನಿನ ಮ್ಯಾಕ್ಸ್ ಗ್ರೆಟ್ಸ್ ಅವರ ಹೆಸರು ಹೊತ್ತ ಈ ದೀಪದಲ್ಲೂ ಟ್ಯಾಂಕು, ಪಂಪು, ನಿಪ್ಪಲ್ ಉಂಟು. ಉರಿಯಿಂದ ಕಾದು ಬೆಳಗುವ ಮ್ಯಾಂಟಲ್ ಒಂದು ಹೆಚ್ಚು. ಎಣ್ಣೆಯ ದೀವಟಿಗೆಗಳ ಕಾಲ ಮುಗಿದು ವಿದ್ಯುತ್ತು ಬರುವವರೆಗೆ, ಮಲೆನಾಡು ಕರಾವಳಿಗಳ ಯಕ್ಷಗಾನದ ಆಟಗಳಿಗೂ ಮದುವೆ ಚಪ್ಪರಗಳಿಗೂ ಬೆಳಕು ಕೊಟ್ಟದ್ದು ಇದು. 1949ರಲ್ಲಿ ನೀನಾಸಮ್ ಹುಟ್ಟಿ ನಾಟಕದ ಊರೆಂದೇ ಹೆಸರಾದ ಹೆಗ್ಗೋಡಿನಂಥ ಕಡೆ ಇಂಥ ದೀಪದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಬೆಳಕು ಮಂದವಾದಾಗ ಪಂಪು ಹೊಡೆಯಬೇಕೋ, ನಿಪ್ಪಲ್ ಬಿಡಿಸಬೇಕೋ ಎಂಬುದನ್ನು ದೀಪದ ಸದ್ದು ಕೇಳಿಯೇ ಹೇಳಬಲ್ಲವರು ಇದ್ದರು.

ಅಣ್ಣನೂ ಒಬ್ಬನಿದ್ದಾನೆ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಕೆಲವರ ಮನೆಯ ನೆಲಮಾಳಿಗೆಯಲ್ಲಿ ಎಣ್ಣೆಯ ಬಾಯ್ಲರ್ ಇರುತ್ತದೆ. ಹಿಮ ಬೀಳುವ ತಿಂಗಳುಗಳಲ್ಲಿ ಮನೆ ಬೆಚ್ಚಗಿರುವುದೂ, ಸ್ನಾನಕ್ಕೆ ಬಿಸಿನೀರು ಬರುವುದೂ ಅದರಿಂದಲೇ. ಒಂದರ್ಥದಲ್ಲಿ ಅದು ಅವರ ಬಚ್ಚಲ ಹಂಡೆ. ಅಲ್ಲಿ ಉರಿಯುವುದು ಡೀಸೆಲಿನಂಥ ಎಣ್ಣೆ. ಕೈಪಂಪಿನ ಬದಲು ಮೋಟಾರಿನ ಪಂಪು ಎಣ್ಣೆಯ ಒತ್ತಡವನ್ನು ಹೊರಗಿನ ಗಾಳಿಯ ಸುಮಾರು ಏಳರಷ್ಟು ಹೆಚ್ಚಿಸುತ್ತದೆ. ಎಣ್ಣೆ ಆವಿಯಾಗಿ ಅಲ್ಲ, ಮಂಜಿನಂಥ ಹನಿಗಳಾಗಿ ನಾಜಲ್‌ನಿಂದ ಹೊರಬರುತ್ತದೆ. ಫ್ಯಾನು ಗಾಳಿ ಊದುತ್ತದೆ. ಸುಮಾರು 10,000 ವೋಲ್ಟಿನ ಕಿಡಿ ಬೆಂಕಿ ಹೊತ್ತಿಸುತ್ತದೆ. ಉರಿಯನ್ನು ನೋಡಲು ಒಂದು ವಿದ್ಯುತ್ ಕಣ್ಣೂ ಇದೆ. ಬೆಳಕು ಬಿದ್ದಾಗ ಅದರ ವಿದ್ಯುತ್ ರೋಧ ಇಳಿಯುತ್ತದೆ. ಕೆಲವು ಸೆಕೆಂಡುಗಳಲ್ಲಿ ಉರಿ ಕಾಣದಿದ್ದರೆ ಯಂತ್ರ ತಾನೇ ಎಣ್ಣೆ ನಿಲ್ಲಿಸಿ ಬೀಗ ಹಾಕಿಕೊಳ್ಳುತ್ತದೆ.

ಇಂಥ ಬಾಯ್ಲರ್ ನಿಂತಾಗ ಮನೆಯವರು ನೋಡಬೇಕಾದದ್ದು ನಾಲ್ಕೇ: ಉಷ್ಣತೆಯ ನಿಯಂತ್ರಕ ಸರಿಯಾಗಿದೆಯೇ, ವಿದ್ಯುತ್ತು ಬರುತ್ತಿದೆಯೇ, ಸ್ವಿಚ್ಚು ಹಾಕಿದೆಯೇ, ಟ್ಯಾಂಕಿನಲ್ಲಿ ಎಣ್ಣೆ ಇದೆಯೇ. ಎಲ್ಲ ಸರಿಯಿದ್ದರೆ ಕೆಂಪು ಗುಂಡಿಯನ್ನು ಒಂದು ಸಲ ಒತ್ತಬಹುದು. ಮತ್ತೆ ನಿಂತರೆ ತಂತ್ರಜ್ಞರನ್ನು ಕರೆಯಬೇಕು. ಕಟ್ಟಿದ ಸೋಸುಕ, ಸವೆದ ನಾಜಲ್, ಮಸಿ ಹಿಡಿದ ವಿದ್ಯುತ್ ಕಣ್ಣು, ದೋಷ ಯಾವುದೇ ಇರಲಿ, ಅದು ಅವರ ಕೆಲಸ. ಗುಂಡಿಯನ್ನು ಪದೇ ಪದೇ ಒತ್ತಿದರೆ ಪ್ರತಿಸಲವೂ ಉರಿಯದ ಎಣ್ಣೆ ಒಳಗೆ ಸೇರುತ್ತದೆ. ಕೊನೆಗೊಮ್ಮೆ ಕಿಡಿ ಹತ್ತಿದಾಗ ಎಲ್ಲವೂ ಒಟ್ಟಿಗೆ ಹೊತ್ತಿ, ಸ್ಫೋಟದೊಡನೆ ಮನೆಯೆಲ್ಲ ಮಸಿಯಾಗುತ್ತದೆ. ಕಾಯದ ಪಂಪ್ ಸ್ಟೌವಿಗೆ ಮತ್ತೆ ಮತ್ತೆ ಪಂಪು ಹೊಡೆಯುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ.

ನಿಮ್ಮ ಮನೆಯ ಒಲೆ

2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಸಿಲಿಂಡರ್ ಇಲ್ಲದಿದ್ದ ಬಹಳಷ್ಟು ಹಳ್ಳಿಮನೆಗಳಿಗೂ ಅಡಿಗೆ ಅನಿಲ ಬಂದಿದೆ. ಅದರ ಬರ್ನರನ್ನು ಒಮ್ಮೆ ಗಮನಿಸಿ. ಅಲ್ಲಿಯೂ ಕಿರಿದಾದ ನಾಜಲ್ ಇದೆ, ಗಾಳಿ ಒಳಬರುವ ಕಂಡಿ ಇದೆ. ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ, ಉರಿ ನೀಲಿ ಬಿಟ್ಟು ಹಳದಿಗೆ ತಿರುಗಿದ್ದರೆ, ಗಾಳಿಯ ದಾರಿ ಕಟ್ಟಿದೆ ಅಥವಾ ಉಕ್ಕಿದ ಹಾಲು, ಗಂಜಿ ಬರ್ನರಿನ ರಂಧ್ರಗಳಲ್ಲಿ ಕೂತಿದೆ. ರೆಗ್ಯುಲೇಟರ್ ಬಂದ್ ಮಾಡಿ, ತಣಿದ ಮೇಲೆ ಬರ್ನರ್ ತೊಳೆದು ಒಣಗಿಸಿ ಇಡಿ. ಅನಿಲದ ವಾಸನೆ ಬಂದರೆ ಮಾತ್ರ ರಿಪೇರಿಗೆ ಇಳಿಯಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಯೋಚಿಸಿ ಉತ್ತರಿಸಿ

1. ಟ್ಯಾಂಕಿನ ಗಾಳಿಯ ಜಾಗ 200 ಮಿಲಿಲೀಟರ್, ಒಳಗಿನ ಒತ್ತಡ ಹೊರಗಿನ ಎರಡರಷ್ಟು. ಎಷ್ಟು ಎಣ್ಣೆ ಉರಿದಾಗ ಸ್ಟೌ ತಾನಾಗಿ ನಂದುತ್ತದೆ?

2. ಸ್ಟೌವಿನ ಸುತ್ತ ಗಾಳಿಗೆ ದಾರಿಯಿಲ್ಲದಂತೆ ತಗಡು ಸುತ್ತಿದರೆ ಉರಿಯ ಬಣ್ಣ ಏನಾಗಬಹುದು? ಏಕೆ?

3. ಬತ್ತಿ ಸ್ಟೌವಿಗೆ ಮೊದಲು ಸ್ಪಿರಿಟ್ ಹಾಕಿ ಕಾಯಿಸುವ ಅಗತ್ಯವಿಲ್ಲ, ಪಂಪ್ ಸ್ಟೌವಿಗೆ ಇದೆ. ಕಾರಣವೇನು?

4. ನಿಮ್ಮ ಮನೆಯ ಹಿರಿಯರನ್ನು ಕೇಳಿ: ಅವರು ಬಳಸಿದ ಪಂಪ್ ಸ್ಟೌ ಹೆಚ್ಚಾಗಿ ಯಾವ ದೋಷ ತೋರುತ್ತಿತ್ತು, ಅದನ್ನು ಅವರು ಹೇಗೆ ಸರಿಪಡಿಸುತ್ತಿದ್ದರು? ಅವರ ಉತ್ತರ ಈ ಪಾಠದ ಯಾವ ಹಂತಕ್ಕೆ ಸೇರುತ್ತದೆ ಎಂದು ಗುರುತಿಸಿ.